ಬೇರಿಯಾನ್ ಹುಟ್ಟುವುದು ಹೇಗೆ? ಸರ್ನ್ ಸುದ್ದಿಯ ಹಿಂದಿರುವ ಬಗೆಹರಿಯದ ಲೆಕ್ಕ

ಸ್ವಿಟ್ಜರ್ಲೆಂಡ್–ಫ್ರಾನ್ಸ್ ಗಡಿಯಲ್ಲಿರುವ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಬಿ ತಂಡ 2025ರ ಮಾರ್ಚ್‌ನಲ್ಲಿ ಘೋಷಿಸಿ, ಜುಲೈಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವೊಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಲ್ಯಾಂಬ್ಡಾ-ಬಿ ಎಂಬ ಬೇರಿಯಾನ್ (ಕ್ವಾರ್ಕ್ ಎಂಬ ಮೂಲಕಣಗಳು ಮೂರು ಸೇರಿ ಆದ ಕಣ; ಪ್ರೋಟಾನ್ ಸಹ ಇಂಥದ್ದೇ) ಒಂದು ನಿರ್ದಿಷ್ಟ ಬಗೆಯಲ್ಲಿ ಕ್ಷಯಿಸುವ ಪ್ರಮಾಣಕ್ಕೂ ಅದರ ಪ್ರತಿಕಣ (ಅದೇ ರಾಶಿಯ, ವಿರುದ್ಧ ಗುಣಗಳ ಅವಳಿ) ಅದೇ ಬಗೆಯಲ್ಲಿ ಕ್ಷಯಿಸುವ ಪ್ರಮಾಣಕ್ಕೂ ನಡುವೆ ಸುಮಾರು ಶೇ 2.45ರಷ್ಟು ಅಸಮತೆ ಇದೆ ಎಂಬುದು ಅದರ ಸಾರ. ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಸೇರಿದ ಮೆಸಾನ್‌ಗಳಲ್ಲಿ ಇಂತಹ ಅಸಮತೆ 1964ರಲ್ಲೇ ಕಂಡಿತ್ತು. ಬೇರಿಯಾನ್‌ಗಳಲ್ಲಿ ಅದು ಖಚಿತವಾಗಿ ಸಿಗಲು ಮತ್ತೆ ಅರವತ್ತು ವರ್ಷ ಹಿಡಿಯಿತು. ಕಣ್ಣಿಗೆ ಕಾಣುವ ಜಗತ್ತಿನ ತೂಕವೆಲ್ಲ ಹೆಚ್ಚುಕಡಿಮೆ ಬೇರಿಯಾನ್‌ಗಳದ್ದೇ ಆಗಿರುವುದರಿಂದ, ದ್ರವ್ಯ ಉಳಿದು ಪ್ರತಿದ್ರವ್ಯ ಅಳಿದುದರ ಗುಟ್ಟು ರಟ್ಟಾಯಿತು ಎಂಬ ಧಾಟಿಯ ತಲೆಬರಹಗಳು ಕಾಣಿಸಿಕೊಂಡವು.

ಗುಟ್ಟೇನೂ ರಟ್ಟಾಗಿಲ್ಲ. ಸಿಕ್ಕಿರುವ ಅಸಮತೆ ಈಗಾಗಲೇ ಒಪ್ಪಿತವಾಗಿರುವ ಸ್ಟ್ಯಾಂಡರ್ಡ್ ಮಾಡೆಲ್ ಸಿದ್ಧಾಂತದ ಚೌಕಟ್ಟಿನೊಳಗೇ ಇರಬಹುದಾದಷ್ಟು. ವಿಶ್ವದಲ್ಲಿ ಪ್ರತಿದ್ರವ್ಯ ಇಲ್ಲವಾದುದನ್ನು ವಿವರಿಸಲು ಅದು ತೀರ ಸಾಲದು. ಆದರೆ ಓದುಗರನ್ನು ನಿಜಕ್ಕೂ ಗೊಂದಲಕ್ಕೆ ಕೆಡವಿದ್ದು ಬೇರೊಂದು ಸಂಗತಿ. ಪ್ರಯೋಗಾಲಯದಲ್ಲಿ ದ್ರವ್ಯ ಮತ್ತು ಪ್ರತಿದ್ರವ್ಯ ಸಮಸಮವಾಗಿ ಹುಟ್ಟುತ್ತವೆ ಎಂದು ಒಂದು ಕಡೆ ಹೇಳಲಾಗುತ್ತದೆ. ಇದೇ ಎಲ್‌ಎಚ್‌ಸಿಬಿ ತಂಡ ಇದಕ್ಕೂ ಮೊದಲು ಪ್ರಕಟಿಸಿದ ಅಳತೆಯಲ್ಲಿ, ತನ್ನ ಶೋಧಕದ ವ್ಯಾಪ್ತಿಯಲ್ಲಿ ಲ್ಯಾಂಬ್ಡಾ-ಬಿ ಕಣಗಳು ತಮ್ಮ ಪ್ರತಿಕಣಗಳಿಗಿಂತ ಶೇ 1ರಿಂದ 2ರ ಆಸುಪಾಸಿನಷ್ಟು ಹೆಚ್ಚಾಗಿ ಹುಟ್ಟುತ್ತವೆ ಎಂದಿತ್ತು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಹುಟ್ಟಿನಲ್ಲೇ ಅಷ್ಟು ವ್ಯತ್ಯಾಸವಿದ್ದರೆ ಕ್ಷಯದಲ್ಲಿ ಕಂಡ ಶೇ 2.45ಕ್ಕೆ ಬೆಲೆಯೇನು?

ಎರಡು ಅಸಮತೆಗಳನ್ನು ಬಿಡಿಸುವ ಬಗೆ

ಪ್ರೋಟಾನಿನೊಳಗೆ ಮುಖ್ಯವಾಗಿ ಎರಡು ಅಪ್ ಕ್ವಾರ್ಕ್‌ಗಳೂ ಒಂದು ಡೌನ್ ಕ್ವಾರ್ಕ್ ಇರುತ್ತವೆ. ಎರಡು ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಬಾಟಮ್ ಎಂಬ ಭಾರದ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕ್ ಜೋಡಿಯಾಗಿಯೇ ಹುಟ್ಟುತ್ತವೆ. ಈ ಹಂತದಲ್ಲಿ ಎಳ್ಳಷ್ಟೂ ಪಕ್ಷಪಾತವಿಲ್ಲ. ಆಮೇಲೆ ಇವೆರಡೂ ಜೊತೆಗಾರರನ್ನು ಹುಡುಕಿಕೊಳ್ಳಬೇಕು. ಬಾಟಮ್ ಕ್ವಾರ್ಕ್‌ಗೆ ಒಂದು ಅಪ್ ಮತ್ತು ಒಂದು ಡೌನ್ ಸಿಕ್ಕರೆ ಲ್ಯಾಂಬ್ಡಾ-ಬಿ ಸಿದ್ಧವಾಗುತ್ತದೆ, ಮತ್ತು ಛಿದ್ರಗೊಂಡ ಪ್ರೋಟಾನ್‌ಗಳ ಅವಶೇಷದಲ್ಲಿ ಅವು ಧಾರಾಳವಾಗಿವೆ. ಪ್ರತಿಬಾಟಮ್‌ಗೆ ಬೇರಿಯಾನ್ ಆಗಬೇಕಾದರೆ ಪ್ರತಿ-ಅಪ್ ಮತ್ತು ಪ್ರತಿ-ಡೌನ್ ಬೇಕು, ಅವಶೇಷದಲ್ಲಿ ಅವಿಲ್ಲ, ಹೊಸದಾಗಿ ಹುಟ್ಟಬೇಕು. ಅದರ ಬದಲು ಅದು ಅವಶೇಷದ ಒಂದೇ ಒಂದು ಕ್ವಾರ್ಕ್ ಹಿಡಿದುಕೊಂಡು ಮೆಸಾನ್ ಆಗಿಬಿಡುತ್ತದೆ. ಹೀಗೆ ಬಾಟಮ್ ಬೇರಿಯಾನ್‌ಗಳು ತುಸು ಹೆಚ್ಚು, ಪ್ರತಿಬಾಟಮ್ ಮೆಸಾನ್‌ಗಳು ತುಸು ಹೆಚ್ಚು. ಒಟ್ಟು ಲೆಕ್ಕ ಸರಿಹೊಂದುತ್ತದೆ.

ಈ ಪರಿಣಾಮ ಕಾಣುವುದು ಪ್ರೋಟಾನ್ ಅವಶೇಷ ಹರಿದು ಹೋಗುವ ದಿಕ್ಕಿನಲ್ಲಿ, ಎಂದರೆ ಕಿರಣದ ಹಾದಿಗೆ ಹತ್ತಿರದಲ್ಲಿ. ಎಲ್‌ಎಚ್‌ಸಿಬಿ ಶೋಧಕವಿರುವುದು ಅಲ್ಲಿಯೇ. ಕಿರಣಕ್ಕೆ ಅಡ್ಡಲಾಗಿ ನೋಡಿದರೆ ಚಿತ್ರ ಬೇರೆ: ಸರ್ನ್‌ನದೇ ಆದ ಆಲಿಸ್ ಪ್ರಯೋಗ 2010ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಪ್ರತಿಪ್ರೋಟಾನ್‌ಗೂ ಪ್ರೋಟಾನ್‌ಗೂ ಇರುವ ಅನುಪಾತ 0.9 ಟೆರಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ಶಕ್ತಿಯ ಅಳತೆ; ಟೆರಾ ಎಂದರೆ ಲಕ್ಷ ಕೋಟಿ, ಗಿಗಾ ನೂರು ಕೋಟಿ, ಮೆಗಾ ಹತ್ತು ಲಕ್ಷ) ಘರ್ಷಣೆಯಲ್ಲಿ 0.957 ಇದ್ದದ್ದು 7 ಟೆರಾ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ 0.991ಕ್ಕೆ ಏರಿತ್ತು. ಶಕ್ತಿ ಏರಿದಷ್ಟೂ ನಡುವಿನ ಪ್ರದೇಶಕ್ಕೆ ಮೂಲ ಪ್ರೋಟಾನ್‌ಗಳ ಗುರುತು ಕಡಿಮೆಯಾಗಿ ಮುಟ್ಟುತ್ತದೆ. ಸಮಸಮ ಎಂಬ ಮಾತು ನಡುವಿನ ಪ್ರದೇಶಕ್ಕೆ ಬಹುಮಟ್ಟಿಗೆ ಸರಿ, ಅಂಚಿನಲ್ಲಿ ಅದು ಸಡಿಲವಾಗುತ್ತದೆ.

ಹಾಗಿದ್ದರೆ ಕ್ಷಯದ ಅಸಮತೆಯನ್ನು ಎಲ್‌ಎಚ್‌ಸಿಬಿ ಬೇರ್ಪಡಿಸಿದ್ದು ಹೇಗೆ? ಅಧ್ಯಯನ ಮಾಡಿದ ಕ್ಷಯದಲ್ಲಿ ಲ್ಯಾಂಬ್ಡಾ-ಬಿ ಒಡೆದು ಒಂದು ಪ್ರೋಟಾನ್, ಒಂದು ಋಣ ಕೆಯಾನ್, ಒಂದು ಧನ ಪಯಾನ್, ಒಂದು ಋಣ ಪಯಾನ್ ಆಗುತ್ತದೆ (ಕೆಯಾನ್, ಪಯಾನ್ ಎರಡೂ ಹಗುರವಾದ ಮೆಸಾನ್‌ಗಳು). ಇದೇ ನಾಲ್ಕು ಕಣಗಳಲ್ಲಿ ಕೊನೆಗೊಳ್ಳುವ ಇನ್ನೊಂದು ಹಾದಿಯೂ ಇದೆ: ಲ್ಯಾಂಬ್ಡಾ-ಬಿ ಮೊದಲು ಲ್ಯಾಂಬ್ಡಾ-ಸಿ ಎಂಬ ಇನ್ನೊಂದು ಬೇರಿಯಾನ್ ಮತ್ತು ಒಂದು ಪಯಾನ್ ಆಗಿ, ಆ ಲ್ಯಾಂಬ್ಡಾ-ಸಿ ಮತ್ತೆ ಒಡೆಯುವುದು. ಈ ಎರಡನೆಯ ಹಾದಿಯಲ್ಲಿ ನಿಜವಾದ ಕ್ಷಯ-ಅಸಮತೆ ನಗಣ್ಯ ಎಂದು ಸಿದ್ಧಾಂತ ಹೇಳುತ್ತದೆ. ಹಾಗಾಗಿ ಅಲ್ಲಿ ಕಾಣುವ ವ್ಯತ್ಯಾಸ ಹುಟ್ಟಿನ ಪಕ್ಷಪಾತ ಮತ್ತು ಉಪಕರಣದ ಪಕ್ಷಪಾತಗಳದ್ದು (ಪ್ರತಿಪ್ರೋಟಾನ್ ಶೋಧಕದ ಲೋಹದಲ್ಲಿ ಪ್ರೋಟಾನ್‌ಗಿಂತ ಬೇಗ ಹೀರಿಹೋಗುವಂತಹವು). ಮೊದಲನೆಯ ಹಾದಿಯ ಅಸಮತೆಯಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಅಪ್ಪಟ ಕ್ಷಯದ ಅಸಮತೆ. 2011ರಿಂದ 2018ರವರೆಗಿನ ದತ್ತಾಂಶದಲ್ಲಿ 80,000ಕ್ಕೂ ಹೆಚ್ಚು ಕ್ಷಯಗಳನ್ನು ಹೀಗೆ ತೂಗಿ, 5.2 ಸಿಗ್ಮಾ ಖಚಿತತೆಯನ್ನು (ಹೊಸ ಶೋಧ ಎನ್ನಲು 5 ಸಿಗ್ಮಾ ಬೇಕೆಂಬುದು ರೂಢಿ) ತಂಡ ಮುಟ್ಟಿತು. ಇದು ಚೊಕ್ಕ ಕೆಲಸ; ಸುದ್ದಿಗಳಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಸಿಗದೆ ಹೋದದ್ದು ವಿಷಾದದ ಸಂಗತಿ.

ಇಲ್ಲಿ ಹುಟ್ಟಿನ ಪಕ್ಷಪಾತವನ್ನು ಕಳೆದು ಬದಿಗಿಡಲು ಸಾಧ್ಯವಾಯಿತು. ಎಲ್ಲೆಡೆಯೂ ಹಾಗೆ ಕಳೆದುಬಿಡಲಾಗುವುದಿಲ್ಲ. ಘರ್ಷಣೆಯಲ್ಲಿ ಬೇರಿಯಾನ್‌ಗಳೂ ಮೆಸಾನ್‌ಗಳೂ ಯಾವ ಪ್ರಮಾಣದಲ್ಲಿ, ಯಾಕಾಗಿ ಹುಟ್ಟುತ್ತವೆ ಎಂಬುದನ್ನು ತಿಳಿದೇ ಮುಂದುವರಿಯಬೇಕಾದ ಲೆಕ್ಕಗಳು ಬಹಳಷ್ಟಿವೆ, ಮತ್ತು ಕಳೆದ ಕೆಲವು ವರ್ಷಗಳಲ್ಲಿ ಅಲುಗಾಡಿರುವುದು ಆ ತಿಳಿವಳಿಕೆಯೇ.

ಒಂಟಿಯಾಗಿ ಹುಟ್ಟುವುದು, ಜೋಡಿಯಾಗಿ ಹುಟ್ಟುವುದು

ಕ್ವಾರ್ಕ್‌ಗಳಿಂದಾದ ಕಣಗಳಿಗೆಲ್ಲ ಹ್ಯಾಡ್ರಾನ್ ಎಂದು ಹೆಸರು. ಮೂರು ಕ್ವಾರ್ಕ್ ಸೇರಿದರೆ ಬೇರಿಯಾನ್, ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಸೇರಿದರೆ ಮೆಸಾನ್. ನಾಲ್ಕು, ಐದು ಕ್ವಾರ್ಕ್‌ಗಳ ಅಪರೂಪದ ಕೂಟಗಳೂ ಕಂಡಿವೆ. ‘ಹೊಸ ಕಣ ಪತ್ತೆ’ ಎಂದು ಬರುವ ಸುದ್ದಿಗಳಲ್ಲಿ ಬಹುಪಾಲು ಇಂತಹ ಹೊಸ ಕೂಟಗಳ ಬಗ್ಗೆಯೇ ಹೊರತು ಹೊಸ ಮೂಲಕಣಗಳ ಬಗ್ಗೆ ಅಲ್ಲ.

ಬೇರಿಯಾನ್‌ಗೂ ಮೆಸಾನ್‌ಗೂ ಹುಟ್ಟಿನ ವಿಷಯದಲ್ಲಿ ಒಂದು ಮೂಲಭೂತ ವ್ಯತ್ಯಾಸವಿದೆ. ಪ್ರತಿಯೊಂದು ಬೇರಿಯಾನ್‌ಗೆ ಬೇರಿಯಾನ್ ಸಂಖ್ಯೆ ಒಂದು, ಪ್ರತಿಬೇರಿಯಾನ್‌ಗೆ ಋಣ ಒಂದು, ಮೆಸಾನ್‌ಗೆ ಸೊನ್ನೆ. ಇದುವರೆಗೆ ನೋಡಿದ ಯಾವ ಘರ್ಷಣೆಯಲ್ಲೂ ಈ ಸಂಖ್ಯೆಯ ಮೊತ್ತ ಬದಲಾದದ್ದಿಲ್ಲ. ಆದ್ದರಿಂದ ಶಕ್ತಿ ಸಾಕಷ್ಟಿದ್ದರೆ ಮೆಸಾನ್ ಒಂಟಿಯಾಗಿ ಹುಟ್ಟಬಹುದು. ಹೊಸ ಬೇರಿಯಾನ್ ಹುಟ್ಟಬೇಕಾದರೆ ಅದರೊಂದಿಗೆ ಪ್ರತಿಬೇರಿಯಾನ್ ಸಹ ಹುಟ್ಟಲೇಬೇಕು. ಇದರ ಬೆಲೆ ದೊಡ್ಡದು. ನಿಂತಿರುವ ಪ್ರೋಟಾನ್‌ಗೆ ಇನ್ನೊಂದನ್ನು ಢಿಕ್ಕಿ ಹೊಡೆಸಿ ಪಯಾನ್ ಪಡೆಯಲು ಸುಮಾರು 290 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಸಾಕು. ಪ್ರತಿಪ್ರೋಟಾನ್ ಪಡೆಯಲು ಅದರ ಸುಮಾರು ಇಪ್ಪತ್ತು ಪಟ್ಟು, 5.6 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಬೇಕು. ಪಯಾನ್‌ಗಳು ಬರ್ಕ್ಲಿಯ ಯಂತ್ರದಲ್ಲಿ 1948ರಲ್ಲೇ ತಯಾರಾದರೂ ಪ್ರತಿಪ್ರೋಟಾನ್‌ಗಾಗಿ 1955ರವರೆಗೆ, ಬೆವಟ್ರಾನ್ ಎಂಬ ಇನ್ನೂ ದೊಡ್ಡ ಯಂತ್ರ ಬರುವವರೆಗೆ ಕಾಯಬೇಕಾಯಿತು. ಅದನ್ನು ಪತ್ತೆಮಾಡಿದ ಎಮಿಲಿಯೊ ಸೆಗ್ರೆ ಮತ್ತು ಓವನ್ ಚೇಂಬರ್ಲೇನ್ ಅವರಿಗೆ 1959ರಲ್ಲಿ ನೊಬೆಲ್ ಬಂತು.

ಕ್ವಾರ್ಕ್ ಹ್ಯಾಡ್ರಾನ್ ಆಗುವ ಕ್ಷಣ

ಘರ್ಷಣೆಯ ಮೊದಲ ಹಂತ ಸಿದ್ಧಾಂತಕ್ಕೆ ಸಲೀಸು. ಎರಡು ಪ್ರೋಟಾನ್‌ಗಳೊಳಗಿನ ಕ್ವಾರ್ಕ್ ಅಥವಾ ಗ್ಲೂಆನ್‌ಗಳು (ಕ್ವಾರ್ಕ್‌ಗಳನ್ನು ಬೆಸೆಯುವ ಬಲದ ಕಣಗಳು) ಬಲವಾಗಿ ತಾಗಿ, ಹೊಸ ಕ್ವಾರ್ಕ್‌ಗಳು ಹುಟ್ಟಿ, ಅವು ಮತ್ತಷ್ಟು ಗ್ಲೂಆನ್‌ಗಳನ್ನು ಚೆಲ್ಲುತ್ತ ಹೊರಟು ಹೋಗುವವರೆಗಿನದನ್ನು ಕ್ವಾಂಟಮ್ ಕ್ರೋಮೊಡೈನಮಿಕ್ಸ್ ಎಂಬ ಸಿದ್ಧಾಂತದಿಂದ ನೇರವಾಗಿ ಎಣಿಸಬಹುದು. ಕ್ವಾರ್ಕ್‌ಗಳು ಪರಸ್ಪರ ಬಹಳ ಹತ್ತಿರವಿದ್ದಾಗ ಅವುಗಳ ನಡುವಿನ ಬಲ ದುರ್ಬಲ ಎಂಬುದೇ ಇದಕ್ಕೆ ಕಾರಣ. 1973ರಲ್ಲಿ ಇದನ್ನು ತೋರಿಸಿದ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ಅವರು 2004ರ ನೊಬೆಲ್ ಹಂಚಿಕೊಂಡರು.

ಕಷ್ಟ ಶುರುವಾಗುವುದು ಅವು ದೂರ ಸರಿದಾಗ. ಗುರುತ್ವವಾಗಲಿ ವಿದ್ಯುತ್ ಬಲವಾಗಲಿ ದೂರ ಹೋದಂತೆ ಕ್ಷೀಣಿಸುತ್ತದೆ. ಕ್ವಾರ್ಕ್‌ಗಳ ನಡುವಿನ ಬಲ ಹಾಗಲ್ಲ. ಪ್ರೋಟಾನಿನ ಗಾತ್ರದಷ್ಟು ದೂರವಾದ ಮೇಲೆ, ಎರಡು ಕ್ವಾರ್ಕ್‌ಗಳ ನಡುವಿನ ಬಲಕ್ಷೇತ್ರ ಹರಡಿಕೊಳ್ಳುವ ಬದಲು ಕಿರಿದಾದ ತಂತುವಾಗಿ ಬಿಗಿದುಕೊಳ್ಳುತ್ತದೆ, ಮತ್ತು ಎಷ್ಟೇ ಎಳೆದರೂ ಎಳೆತ ಅಷ್ಟೇ ಇರುತ್ತದೆ. ಅದರ ಪ್ರಮಾಣ ಪ್ರತಿ ಫೆಮ್ಟೊಮೀಟರ್‌ಗೆ (ಹೆಚ್ಚುಕಡಿಮೆ ಪ್ರೋಟಾನಿನ ಗಾತ್ರದಷ್ಟು ದೂರಕ್ಕೆ) ಸುಮಾರು ಒಂದು ಗಿಗಾ ಎಲೆಕ್ಟ್ರಾನ್‌ವೋಲ್ಟ್. ದಿನಬಳಕೆಯ ಅಳತೆಗೆ ತಂದರೆ ಸುಮಾರು 16 ಟನ್, ಎಂದರೆ ಸರಕು ತುಂಬಿದ ಲಾರಿಯೊಂದರ ಭಾರ, ಪರಮಾಣುವಿನ ನ್ಯೂಕ್ಲಿಯಸ್‌ಗಿಂತಲೂ ಚಿಕ್ಕದಾದ ಎಳೆಯೊಂದಕ್ಕೆ ಜೋತುಬಿದ್ದಂತೆ.

ಹೀಗೆ ಎಳೆದಷ್ಟೂ ತಂತುವಿನಲ್ಲಿ ಶಕ್ತಿ ಕೂಡಿಕೊಳ್ಳುತ್ತ ಹೋಗಿ, ಒಂದು ಹಂತದಲ್ಲಿ ತಂತು ಉದ್ದವಾಗುವುದಕ್ಕಿಂತ ತುಂಡಾಗುವುದೇ ಅಗ್ಗವಾಗುತ್ತದೆ. ತುಂಡಾದ ಜಾಗದಲ್ಲಿ, ಆ ಶಕ್ತಿಯಿಂದಲೇ, ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಹುಟ್ಟಿ ಎರಡೂ ತುದಿಗಳನ್ನು ಮುಚ್ಚುತ್ತವೆ. ತುಂಡುಗಳು ಮತ್ತೆ ತುಂಡಾಗಿ, ಕೊನೆಗೆ ಉಳಿಯುವ ಪ್ರತಿಯೊಂದು ಚಿಕ್ಕ ತುಂಡೂ ಒಂದು ಮೆಸಾನ್. ಇಡೀ ಪ್ರಕ್ರಿಯೆ ನಡೆಯುವ ಕಾಲಮಾನ ಸೆಕೆಂಡಿನ ಲಕ್ಷ ಕೋಟಿ ಭಾಗದ ಮತ್ತೆ ಲಕ್ಷ ಕೋಟಿ ಭಾಗದಷ್ಟು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಬೊ ಆಂಡರ್‌ಸನ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಿಂದ ಬೆಳೆಸಿದ ಈ ಚಿತ್ರ ಇಂದಿಗೂ ‘ಪಿಥಿಯಾ’ ಎಂಬ ಗಣಕ ತಂತ್ರಾಂಶದ ಹೃದಯದಲ್ಲಿದೆ, ಮತ್ತು ಸರ್ನ್‌ನ ಪ್ರಯೋಗಗಳು ನಿತ್ಯವೂ ಬಳಸುವುದು ಅದನ್ನೇ.

ಈ ಚಿತ್ರದಿಂದ ಎರಡು ಮುಖ್ಯ ಪರಿಣಾಮಗಳು ಹೊರಡುತ್ತವೆ. ತಂತು ತುಂಡಾಗುವುದು ಒಂದು ಕ್ವಾಂಟಮ್ ನುಸುಳುವಿಕೆಯಾದ್ದರಿಂದ (ಶಕ್ತಿಯ ತಡೆಯನ್ನು ಹತ್ತದೆ ತೂರಿಹೋಗುವುದು) ಹುಟ್ಟಬೇಕಾದ ಕ್ವಾರ್ಕ್ ಭಾರವಾದಷ್ಟೂ ಸಂಭವ ಕುಸಿಯುತ್ತದೆ: ಅಪ್ ಮತ್ತು ಡೌನ್ ಒಂದೊಂದು ಪಾಲು ಹುಟ್ಟಿದರೆ ಅವಕ್ಕಿಂತ ಭಾರದ ಸ್ಟ್ರೇಂಜ್ ಕ್ವಾರ್ಕ್ ಹುಟ್ಟುವುದು 0.3 ಪಾಲು, ಇನ್ನೂ ಭಾರದ ಚಾರ್ಮ್ ಕ್ವಾರ್ಕ್ ಹುಟ್ಟುವುದು ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು. ಎಂದರೆ ಚಾರ್ಮ್ ಮತ್ತು ಬಾಟಮ್ ಕ್ವಾರ್ಕ್‌ಗಳು ಮೊದಲ ಬಲವಾದ ತಾಗುವಿಕೆಯಲ್ಲಷ್ಟೇ ಹುಟ್ಟುತ್ತವೆ, ಆಮೇಲೆ ಹುಟ್ಟುವುದಿಲ್ಲ. ಅವುಗಳಿಂದಾದ ಹ್ಯಾಡ್ರಾನ್‌ಗಳನ್ನು ಎಣಿಸಿದರೆ ಒಂದು ಪರಿಚಿತ ಕ್ವಾರ್ಕ್ ಎಲ್ಲಿ ಹೋಗಿ ಸೇರಿತು ಎಂಬುದನ್ನು ಬೆನ್ನಟ್ಟಿದಂತೆಯೇ ಸರಿ. ಮುಂದೆ ಹೇಳುವ ಪ್ರಯೋಗಗಳೆಲ್ಲ ಚಾರ್ಮ್–ಬಾಟಮ್‌ಗಳನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ.

ಎರಡನೆಯದು ಬೇರಿಯಾನ್‌ಗೆ ಸಂಬಂಧಿಸಿದ್ದು. ಬೇರಿಯಾನ್ ಹುಟ್ಟಬೇಕಾದರೆ ತಂತು ತುಂಡಾದಲ್ಲಿ ಒಂದು ಕ್ವಾರ್ಕ್‌ನ ಬದಲು ಎರಡು ಕ್ವಾರ್ಕ್‌ಗಳ ಜೋಡಿಯೊಂದೂ, ಎದುರು ತುದಿಗೆ ಎರಡು ಪ್ರತಿಕ್ವಾರ್ಕ್‌ಗಳ ಜೋಡಿಯೊಂದೂ ಕಾಣಿಸಿಕೊಳ್ಳಬೇಕು. ಈ ಜೋಡಿಗಳು ಭಾರವಾದ್ದರಿಂದ ಇಂತಹ ತುಂಡಾಗುವಿಕೆ ಹತ್ತರಲ್ಲಿ ಒಂದರಷ್ಟು ಮಾತ್ರ. ಸರ್ನ್‌ನಲ್ಲಿ 1989ರಿಂದ 2000ದವರೆಗೆ ನಡೆದ ಎಲ್‌ಇಪಿ ಯಂತ್ರದಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಸೇರಿ ಝೆಡ್ ಎಂಬ ಭಾರದ ಕಣವಾಗಿ, ಅದು ಕ್ವಾರ್ಕ್‌ಗಳಾಗಿ ಒಡೆದಾಗ ಸರಾಸರಿ ಹುಟ್ಟುತ್ತಿದ್ದದ್ದು 17 ಆವೇಶಯುಕ್ತ ಪಯಾನ್‌ಗಳು, ಎರಡಕ್ಕೆ ತುಸು ಮೇಲ್ಪಟ್ಟು ಆವೇಶಯುಕ್ತ ಕೆಯಾನ್‌ಗಳು. ಪ್ರೋಟಾನ್ ಮತ್ತು ಪ್ರತಿಪ್ರೋಟಾನ್ ಎರಡೂ ಸೇರಿ ಒಂದೇ ಒಂದು. ಮೆಸಾನ್‌ಗಳ ಸಂತೆಯಲ್ಲಿ ಬೇರಿಯಾನ್ ಅಪರೂಪದ ಅತಿಥಿ.

ಸಮೀಕರಣವಿದ್ದೂ ಉತ್ತರವಿಲ್ಲ

ಮೇಲಿನ ಹತ್ತರಲ್ಲಿ ಒಂದು, 0.3 ಪಾಲು ಮೊದಲಾದ ಅಂಕಿಗಳು ಸಿದ್ಧಾಂತದಿಂದ ಇಳಿದುಬಂದವಲ್ಲ, ಪ್ರಯೋಗಕ್ಕೆ ಹೊಂದಿಸಿ ಕೂಡಿಸಿದವು. ಕ್ವಾಂಟಮ್ ಕ್ರೋಮೊಡೈನಮಿಕ್ಸ್‌ನ ಸಮೀಕರಣಗಳು ಐವತ್ತು ವರ್ಷಗಳಿಂದ ಕೈಯಲ್ಲಿವೆ. ದೇಶಕಾಲವನ್ನು ಜಾಲರಿಯಾಗಿ ಕತ್ತರಿಸಿ ಬೃಹತ್ ಗಣಕಗಳಲ್ಲಿ ಬಿಡಿಸಿ ಪ್ರೋಟಾನಿನ ರಾಶಿಯನ್ನೂ ಲೆಕ್ಕಹಾಕಿದ್ದಾರೆ. ಆದರೆ ಆ ವಿಧಾನ ಕಾಲವನ್ನು ಕಾಲ್ಪನಿಕ ಸಂಖ್ಯೆಯಾಗಿ ಬದಲಿಸಿಕೊಂಡು ನಡೆಯುವಂಥದ್ದು. ಸ್ಥಿರವಾಗಿ ನಿಂತ ಕಣದ ಗುಣಗಳಿಗೆ ಅದು ಹೇಳಿಮಾಡಿಸಿದಂತಿದೆ. ಕ್ವಾರ್ಕ್ ಒಂದು ಹ್ಯಾಡ್ರಾನ್ ಆಗುವ ಘಟನೆಯನ್ನು ಕ್ಷಣಕ್ಷಣವಾಗಿ ಹಿಂಬಾಲಿಸಲು ಬರುವುದಿಲ್ಲ.

ಹೀಗಾಗಿ ಭೌತವಿಜ್ಞಾನಿಗಳು ಒಂದು ಊಹೆಯನ್ನು ನೆಚ್ಚಿಕೊಂಡರು. ಮೊದಲ ತಾಗುವಿಕೆ ಯಾವುದೇ ಇರಲಿ, ಒಮ್ಮೆ ಹೊರಟ ಚಾರ್ಮ್ ಕ್ವಾರ್ಕ್ ಯಾವ ಹ್ಯಾಡ್ರಾನ್ ಆಗುತ್ತದೆ ಎಂಬುದರ ಪ್ರಮಾಣ ಎಲ್ಲೆಡೆ ಒಂದೇ ಎಂಬುದು ಆ ಊಹೆ. ಹುಟ್ಟಿಸಿದವರು ಎಲೆಕ್ಟ್ರಾನ್–ಪಾಸಿಟ್ರಾನ್‌ಗಳಾದರೇನು, ಪ್ರೋಟಾನ್‌ಗಳಾದರೇನು, ಕ್ವಾರ್ಕ್‌ಗೆ ಅದರ ಗೊಡವೆಯಿಲ್ಲ. ಎಲೆಕ್ಟ್ರಾನ್–ಪಾಸಿಟ್ರಾನ್ ಘರ್ಷಣೆ ಚೊಕ್ಕವಾದ್ದರಿಂದ ಅಲ್ಲಿ ಅಳೆದ ಪ್ರಮಾಣಗಳನ್ನೇ ಪ್ರೋಟಾನ್ ಘರ್ಷಣೆಗೂ ಅನ್ವಯಿಸುವುದು ರೂಢಿಯಾಯಿತು. ಹಲವು ದಶಕ ಇದು ಪ್ರಶ್ನೆಯಿಲ್ಲದೆ ನಡೆಯಿತು. ಪ್ರಶ್ನಿಸುವಷ್ಟು ನಿಖರವಾದ ಅಳತೆಗಳು ಇರಲಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ.

ಆಲಿಸ್ ಕಂಡ ವ್ಯತ್ಯಾಸ

ಲ್ಯಾಂಬ್ಡಾ-ಸಿ ಅತ್ಯಂತ ಹಗುರವಾದ ಚಾರ್ಮ್ ಬೇರಿಯಾನ್. ಹುಟ್ಟಿದ ಮೇಲೆ ಅದು ಬದುಕುವುದು ಸೆಕೆಂಡಿನ ಐದು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಕಾಲ, ಸಾಗುವ ದೂರ ಸಾಮಾನ್ಯವಾಗಿ ಮಿಲಿಮೀಟರಿನ ಒಂದು ಅಂಶ. ಬಹಳಷ್ಟು ಪಯಾನ್‌ಗಳ ನಡುವೆ ಅದರ ಕ್ಷಯವನ್ನು ಹೆಕ್ಕಿ ತೆಗೆಯುವುದು ತ್ರಾಸದ ಕೆಲಸ. ವೇಗ ಕಡಿಮೆ ಇರುವ ಲ್ಯಾಂಬ್ಡಾ-ಸಿಗಳಂತೂ ಇನ್ನೂ ಕಷ್ಟ, ಆದರೆ ಹೆಚ್ಚಿನವು ಹುಟ್ಟುವುದೇ ಹಾಗೆ. ಆಲಿಸ್ ಪ್ರಯೋಗ ಇದನ್ನು ಸಾಧಿಸಿ, ಚಾರ್ಮ್ ಹ್ಯಾಡ್ರಾನ್‌ಗಳೆಲ್ಲವನ್ನೂ ಒಟ್ಟಿಗೆ ಎಣಿಸಿ, 5.02 ಟೆರಾ ಎಲೆಕ್ಟ್ರಾನ್‌ವೋಲ್ಟ್ ಪ್ರೋಟಾನ್ ಘರ್ಷಣೆಯ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿತು.

ಎಲೆಕ್ಟ್ರಾನ್–ಪಾಸಿಟ್ರಾನ್ ಘರ್ಷಣೆಯಲ್ಲಿ ನೂರು ಚಾರ್ಮ್ ಕ್ವಾರ್ಕ್‌ಗಳಲ್ಲಿ ಲ್ಯಾಂಬ್ಡಾ-ಸಿ ಆಗುವುದು ಸುಮಾರು ಆರು. ಪ್ರೋಟಾನ್ ಘರ್ಷಣೆಯಲ್ಲಿ ಅದು ಸುಮಾರು ಇಪ್ಪತ್ತು. ಆವೇಶರಹಿತ ಡಿ ಮೆಸಾನ್ (ಚಾರ್ಮ್ ಕ್ವಾರ್ಕ್ ಇರುವ ಒಂದು ಮೆಸಾನ್) ಆಗುವವು ಅಲ್ಲಿ ಸುಮಾರು ಐವತ್ತೈದು, ಇಲ್ಲಿ ಮೂವತ್ತೊಂಬತ್ತು.

ಇದರ ಪರಿಣಾಮವನ್ನು ಲೆಕ್ಕದಲ್ಲೇ ನೋಡಬಹುದು. ಘರ್ಷಣೆಗಳಲ್ಲಿ ಒಟ್ಟು ಎಷ್ಟು ಚಾರ್ಮ್ ಹುಟ್ಟಿತು ಎಂದು ತಿಳಿಯಲು, ಸುಲಭವಾಗಿ ಸಿಗುವ ಆವೇಶರಹಿತ ಡಿ ಮೆಸಾನ್‌ಗಳನ್ನು ಎಣಿಸಿ, ಎಲೆಕ್ಟ್ರಾನ್–ಪಾಸಿಟ್ರಾನ್‌ನಿಂದ ಗೊತ್ತಿದ್ದ ಪ್ರಮಾಣದಿಂದ ಭಾಗಿಸುವುದು ವಾಡಿಕೆಯಾಗಿತ್ತು. ನಿಜದಲ್ಲಿ ನೂರು ಚಾರ್ಮ್ ಕ್ವಾರ್ಕ್‌ಗಳು ಹುಟ್ಟಿದ್ದರೆ ಮೆಸಾನ್‌ಗಳು ಮೂವತ್ತೊಂಬತ್ತು ಸಿಗುತ್ತವೆ. ಅದನ್ನು 0.55ರಿಂದ ಭಾಗಿಸಿದರೆ ಬರುವ ಉತ್ತರ ಎಪ್ಪತ್ತೊಂದು. ನೂರಕ್ಕೆ ಇಪ್ಪತ್ತೊಂಬತ್ತು ಕ್ವಾರ್ಕ್‌ಗಳು ಲೆಕ್ಕದಿಂದಲೇ ಮಾಯ. ಹೊಸ ಪ್ರಮಾಣಗಳನ್ನು ಬಳಸಿ ಆಲಿಸ್ ತನ್ನ ಹಿಂದಿನ ಅಳತೆಗಳನ್ನು ಪರಿಷ್ಕರಿಸಿದಾಗ ಒಟ್ಟು ಚಾರ್ಮ್ ಉತ್ಪಾದನೆ ಸುಮಾರು ಶೇ 40ರಷ್ಟು ಮೇಲೇರಿತು. ಮಾಯವಾಗಿದ್ದವು ಬೇರಿಯಾನ್‌ಗಳಾಗಿ ಕುಳಿತಿದ್ದವು.

ಕಾರಣ ಏನೆಂಬ ವಾದ

ವ್ಯತ್ಯಾಸ ಇದೆ ಎಂಬುದರಲ್ಲಿ ಈಗ ತಕರಾರಿಲ್ಲ. ಯಾಕೆ ಎಂಬುದರಲ್ಲಿ ಮೂರು ಪಂಥಗಳಿವೆ.

ಲುಂಡ್ ಪರಂಪರೆಯವರು ತಂತುವಿನ ಚಿತ್ರವನ್ನು ಬಿಡಲು ಒಪ್ಪುವುದಿಲ್ಲ, ಅದನ್ನು ತಿದ್ದುತ್ತಾರೆ. ಎಲೆಕ್ಟ್ರಾನ್–ಪಾಸಿಟ್ರಾನ್ ಘರ್ಷಣೆಯಲ್ಲಿ ಒಂದೇ ತಂತು ಎಳೆಯಲ್ಪಡುತ್ತದೆ. ಒಂದು ಪ್ರೋಟಾನ್ ಘರ್ಷಣೆಯಲ್ಲಿ ಹಲವು ಕ್ವಾರ್ಕ್–ಗ್ಲೂಆನ್ ತಾಗುವಿಕೆಗಳು ಒಟ್ಟಿಗೆ ನಡೆಯುವುದರಿಂದ ಹತ್ತಾರು ತಂತುಗಳು ಒಂದೇ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿರುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡು ಮರುಜೋಡಣೆಯಾಗುವಾಗ ಮೂರು ತಂತುಗಳು ಒಂದೇ ಬಿಂದುವಿನಲ್ಲಿ ಸೇರುವ ಕವಲುಗಳು ಉಂಟಾಗಬಹುದು. ಮೂರು ತುದಿಗಳಿಗೆ ಮೂರು ಕ್ವಾರ್ಕ್‌ಗಳು ಬೇಕಾಗುವುದರಿಂದ ಪ್ರತಿಯೊಂದು ಕವಲೂ ಒಂದು ಬೇರಿಯಾನ್ ಆಗುತ್ತದೆ. 2015ರಲ್ಲಿ ಕ್ರಿಸ್ಟಿಯನ್‌ಸೆನ್ ಮತ್ತು ಸ್ಕ್ಯಾಂಡ್ಸ್ ಇದನ್ನು ಪಿಥಿಯಾದಲ್ಲಿ ಅಳವಡಿಸಿದಾಗ ಲ್ಯಾಂಬ್ಡಾ-ಸಿ ಪ್ರಮಾಣ ಅಳತೆಯ ಹತ್ತಿರಕ್ಕೆ ಬಂತು.

ಎರಡನೆಯ ಪಂಥ ಭಾರದ ನ್ಯೂಕ್ಲಿಯಸ್‌ಗಳ ಘರ್ಷಣೆಯಿಂದ ಬಂದದ್ದು. ಅಮೆರಿಕದ ಬ್ರೂಕ್‌ಹೇವನ್‌ನ ಆರ್‌ಎಚ್‌ಐಸಿ ಯಂತ್ರದಲ್ಲಿ 2000ದ ದಶಕದ ಆರಂಭದಲ್ಲೇ, ಚಿನ್ನದ ನ್ಯೂಕ್ಲಿಯಸ್‌ಗಳ ಘರ್ಷಣೆಯಲ್ಲಿ ಮಧ್ಯಮ ವೇಗದ ಕಣಗಳ ನಡುವೆ ಪ್ರೋಟಾನ್‌ಗಳು ಪಯಾನ್‌ಗಳಷ್ಟೇ ಸಂಖ್ಯೆಯಲ್ಲಿ ಸಿಕ್ಕಿ ಅಚ್ಚರಿ ಹುಟ್ಟಿಸಿದ್ದವು. ಅಲ್ಲಿ ಕ್ವಾರ್ಕ್–ಗ್ಲೂಆನ್ ಪ್ಲಾಸ್ಮಾ (ಕ್ವಾರ್ಕ್, ಗ್ಲೂಆನ್‌ಗಳು ಬಿಡಿಯಾಗಿ ಓಡಾಡುವ ಅತಿ ಬಿಸಿಯ ಸ್ಥಿತಿ) ಉಂಟಾಗಿ, ತಂತು ತುಂಡಾಗುವ ಅಗತ್ಯವೇ ಇಲ್ಲದೆ, ಅಕ್ಕಪಕ್ಕದಲ್ಲಿರುವ ಕ್ವಾರ್ಕ್‌ಗಳು ನೇರವಾಗಿ ಕೂಡಿಕೊಂಡವು ಎಂಬ ವಿವರಣೆ ಆಗ ಗಟ್ಟಿಯಾಯಿತು. ಮೂರು ನಿಧಾನದ ಕ್ವಾರ್ಕ್‌ಗಳು ಸೇರಿದರೆ ಒಂದು ಮಧ್ಯಮ ವೇಗದ ಬೇರಿಯಾನ್. ಭಾರದ ಜೋಡಿಗಳನ್ನು ಹುಟ್ಟಿಸುವ ವೆಚ್ಚವಿಲ್ಲ. ಇದೇ ಕೂಡಿಕೆ ಪ್ರೋಟಾನ್ ಘರ್ಷಣೆಯಲ್ಲೂ ನಡೆಯುತ್ತದೆ ಎಂದು ಈ ಪಂಥದವರು ವಾದಿಸುತ್ತಾರೆ. ಒಪ್ಪಿದರೆ ಚಿಕ್ಕ ಘರ್ಷಣೆಯಲ್ಲೂ ಪ್ಲಾಸ್ಮಾದ ಹನಿ ಉಂಟಾಗುತ್ತದೆಯೇ ಎಂಬ ಇನ್ನೂ ದೊಡ್ಡ ಪ್ರಶ್ನೆ ಎದುರಾಗುತ್ತದೆ.

ಮೂರನೆಯ ವಾದ ಎಲ್ಲಕ್ಕಿಂತ ಸರಳ, ಹಾಗಾಗಿ ಕೆಲವರಿಗೆ ಅನುಮಾನಾಸ್ಪದ. ಹ್ಯಾಡ್ರಾನ್‌ಗಳು ಒಂದು ನಿರ್ದಿಷ್ಟ ತಾಪಮಾನದಲ್ಲಿ, ಸಂಖ್ಯಾಶಾಸ್ತ್ರದ ನಿಯಮದಂತೆ, ತಮ್ಮ ತಮ್ಮ ರಾಶಿಗೆ ತಕ್ಕಷ್ಟು ಹುಟ್ಟುತ್ತವೆ. ಸೀಸದ ನ್ಯೂಕ್ಲಿಯಸ್‌ಗಳ ಘರ್ಷಣೆಯಲ್ಲಿ ಆ ತಾಪಮಾನ 156 ಮೆಗಾ ಎಲೆಕ್ಟ್ರಾನ್‌ವೋಲ್ಟ್, ಎಂದರೆ ಸುಮಾರು 1.8 ಲಕ್ಷ ಕೋಟಿ ಕೆಲ್ವಿನ್. ಚಾರ್ಮ್‌ನ ವಿಷಯದಲ್ಲಿ ಈ ಲೆಕ್ಕ ಕೊಡುವ ಬೇರಿಯಾನ್‌ಗಳು ಸಾಲುವುದಿಲ್ಲ. ಆದರೆ ಇನ್ನೂ ಪ್ರಯೋಗದಲ್ಲಿ ಕಾಣದ, ಸಿದ್ಧಾಂತವಷ್ಟೇ ಮುನ್ಸೂಚಿಸುವ ಉದ್ರಿಕ್ತ (ಹೆಚ್ಚು ಶಕ್ತಿಯ ಸ್ಥಿತಿಯ) ಚಾರ್ಮ್ ಬೇರಿಯಾನ್‌ಗಳು ಬಹಳಷ್ಟಿದ್ದು, ಅವೆಲ್ಲ ಕ್ಷಯಿಸಿ ಲ್ಯಾಂಬ್ಡಾ-ಸಿ ಆಗುತ್ತವೆ ಎಂದು ಸೇರಿಸಿಕೊಂಡರೆ ಅಳತೆ ಕೂಡಿಬರುತ್ತದೆ. 2019ರಲ್ಲಿ ಹೆ ಮತ್ತು ರ‍್ಯಾಪ್ ಮಂಡಿಸಿದ ಈ ವಾದದ ದೌರ್ಬಲ್ಯ ಎಲ್ಲರಿಗೂ ಕಾಣುವಂಥದ್ದೇ: ಕಾಣದ ಕಣಗಳ ಹೆಗಲಿಗೆ ಭಾರ ಹೊರಿಸಲಾಗಿದೆ.

ಯಾವುದು ಸರಿ? ಮೊದಲ ಎರಡು ಸರಿಯಾಗಿದ್ದರೆ ಘರ್ಷಣೆಯಲ್ಲಿ ಹುಟ್ಟುವ ಕಣಗಳ ದಟ್ಟಣೆ ಹೆಚ್ಚಾದಂತೆ ಬೇರಿಯಾನ್ ಪಾಲೂ ಹೆಚ್ಚಬೇಕು, ದಟ್ಟಣೆ ಕಡಿಮೆಯಾದಂತೆ ಎಲೆಕ್ಟ್ರಾನ್–ಪಾಸಿಟ್ರಾನ್ ಮಟ್ಟಕ್ಕೆ ಇಳಿಯಬೇಕು. ಬಾಟಮ್ ಕ್ವಾರ್ಕ್‌ನಲ್ಲಿ ಎಲ್‌ಎಚ್‌ಸಿಬಿ ಕಂಡದ್ದು ಬಹುಮಟ್ಟಿಗೆ ಇದನ್ನೇ: ಕಣಗಳು ವಿರಳವಾಗಿರುವ ಘರ್ಷಣೆಯಲ್ಲಿ ಲ್ಯಾಂಬ್ಡಾ-ಬಿ ಪಾಲು ಎಲ್‌ಇಪಿ ಅಳತೆಗೆ ಹೊಂದಿಕೊಳ್ಳುತ್ತದೆ, ದಟ್ಟವಾದಂತೆ ಏರುತ್ತದೆ. ಆದರೆ ಚಾರ್ಮ್‌ನಲ್ಲಿ ಆಲಿಸ್ ಕಂಡದ್ದು ತುಸು ಭಿನ್ನ. ದಟ್ಟಣೆ ಬದಲಾದಾಗ ಲ್ಯಾಂಬ್ಡಾ-ಸಿಗಳು ಯಾವ ವೇಗದಲ್ಲಿ ಹೆಚ್ಚು ಸಿಗುತ್ತವೆ ಎಂಬುದು ಬದಲಾಗುತ್ತದೆ, ಎಲ್ಲ ವೇಗಗಳನ್ನೂ ಕೂಡಿಸಿದ ಒಟ್ಟು ಪಾಲು ಗಮನಾರ್ಹವಾಗಿ ಬದಲಾಗುವುದಿಲ್ಲ. ಎರಡೂ ತಂಡಗಳು ಘರ್ಷಣೆಯ ಬೇರೆ ಬೇರೆ ದಿಕ್ಕುಗಳನ್ನು ನೋಡುತ್ತವೆ, ದಟ್ಟಣೆಯನ್ನು ಅಳೆಯುವ ಬಗೆಯೂ ಬೇರೆ, ಆದ್ದರಿಂದ ಇದನ್ನು ನೇರ ವಿರೋಧ ಎನ್ನಲಾಗದು. ಆದರೂ ಮೊದಲೆರಡು ಪಂಥಗಳು ಗೆದ್ದವೆಂದು ಘೋಷಿಸುವುದಕ್ಕೆ ಇದು ಅಡ್ಡಿ. ಅದಕ್ಕಿಂತ ದೊಡ್ಡ ಅಡ್ಡಿ ಸ್ಟ್ರೇಂಜ್ ಕ್ವಾರ್ಕ್ ಸಹ ಇರುವ ಕ್ಸೈ-ಸಿ ಬೇರಿಯಾನ್: ಲ್ಯಾಂಬ್ಡಾ-ಸಿಯನ್ನು ಚೆನ್ನಾಗಿ ವಿವರಿಸುವ ಬಹುತೇಕ ಮಾದರಿಗಳು ಕ್ಸೈ-ಸಿ ಎದುರಾದಾಗ ಅಳತೆಗಿಂತ ಕೆಳಗೆ ನಿಲ್ಲುತ್ತವೆ. ಇದ್ದುದರಲ್ಲಿ ದಟ್ಟಣೆಯ ವಾದ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ, ಆದರೆ ಕ್ಸೈ-ಸಿ ಲೆಕ್ಕ ಕೂಡುವವರೆಗೆ ಅದನ್ನು ಪೂರ್ತಿ ನೆಚ್ಚುವಂತಿಲ್ಲ.

ಬೇರಿಯಾನ್ ಸಂಖ್ಯೆಯನ್ನು ಹೊತ್ತಿರುವುದು ಯಾರು?

ಕವಲಿನ ವಾದಕ್ಕೆ ಇನ್ನೊಂದು ಬೆಂಬಲ ಅನಿರೀಕ್ಷಿತ ದಿಕ್ಕಿನಿಂದ ಬಂದಿದೆ. ಪಠ್ಯಪುಸ್ತಕಗಳು ಪ್ರತಿ ಕ್ವಾರ್ಕ್‌ಗೆ ಮೂರನೇ ಒಂದು ಬೇರಿಯಾನ್ ಸಂಖ್ಯೆ ಹಂಚುತ್ತವೆ. ಆದರೆ ರೋಸಿ ಮತ್ತು ವೆನೆಜಿಯಾನೊ 1977ರಲ್ಲೇ ಬೇರೆ ಸಾಧ್ಯತೆಯನ್ನು ಮುಂದಿಟ್ಟಿದ್ದರು: ಪ್ರೋಟಾನಿನೊಳಗೆ ಮೂರು ಕ್ವಾರ್ಕ್‌ಗಳನ್ನು ಬಂಧಿಸುವ ಗ್ಲೂಆನ್ ತಂತುಗಳು ಕೂಡುವ ಕವಲೇ ಬೇರಿಯಾನ್ ಸಂಖ್ಯೆಯನ್ನು ಹೊತ್ತಿರಬಹುದು.

ಇದನ್ನು ಪರೀಕ್ಷಿಸಲು ಆರ್‌ಎಚ್‌ಐಸಿಯ ಸ್ಟಾರ್ ಪ್ರಯೋಗ 2018ರಲ್ಲಿ ಸಂಗ್ರಹಿಸಿದ ದತ್ತಾಂಶ ನೆರವಾಯಿತು. ರುಥೇನಿಯಮ್-96 ಮತ್ತು ಜಿರ್ಕೋನಿಯಮ್-96 ನ್ಯೂಕ್ಲಿಯಸ್‌ಗಳಲ್ಲಿ ಬೇರಿಯಾನ್‌ಗಳ ಸಂಖ್ಯೆ ಒಂದೇ, ಪ್ರೋಟಾನ್‌ಗಳು ಮಾತ್ರ 44 ಮತ್ತು 40. ಎರಡರ ಘರ್ಷಣೆಗಳನ್ನು ಹೋಲಿಸಿದರೆ ನಡುವಿನ ಪ್ರದೇಶಕ್ಕೆ ಬಂದು ನಿಂತ ವಿದ್ಯುದಾವೇಶವನ್ನೂ ಬೇರಿಯಾನ್ ಸಂಖ್ಯೆಯನ್ನೂ ಬೇರ್ಪಡಿಸಿ ತೂಗಬಹುದು. ಆವೇಶವನ್ನು ಹೊರುವುದು ಕ್ವಾರ್ಕ್‌ಗಳು ಎಂಬುದು ನಿರ್ವಿವಾದ; ಬೇರಿಯಾನ್ ಸಂಖ್ಯೆಯನ್ನೂ ಅವೇ ಹೊತ್ತಿದ್ದರೆ ಎರಡೂ ಸಮಪಾಲಿನಲ್ಲಿ ನಿಲ್ಲಬೇಕು. ಅಳತೆಯಲ್ಲಿ ಬೇರಿಯಾನ್ ಸಂಖ್ಯೆ ಹೆಚ್ಚಾಗಿ ನಿಂತಿದೆ. ವೇಗದ ಕ್ವಾರ್ಕ್‌ಗಳು ಮುಂದೆ ಹಾರಿಹೋದರೂ ನಿಧಾನದ ಗ್ಲೂಆನ್ ಕವಲು ಹಿಂದೆ ಉಳಿಯುತ್ತದೆ ಎಂಬ ಚಿತ್ರಕ್ಕೆ ಇದು ಹೊಂದುತ್ತದೆ. ಬೇರೆ ವಿವರಣೆಗಳೂ ಸಾಧ್ಯ ಎನ್ನುವವರಿದ್ದಾರೆ, ಮತ್ತು ಒಂದೇ ಪ್ರಯೋಗದಿಂದ ಇಷ್ಟು ಮೂಲಭೂತವಾದ ಪ್ರಶ್ನೆ ತೀರ್ಮಾನವಾಗುವುದೂ ಇಲ್ಲ.

ಲೆಕ್ಕ ಬದಲಾದರೆ ಏನಾಗುತ್ತದೆ

ಪ್ಲಾಸ್ಮಾ ಅಧ್ಯಯನಕ್ಕೆ ತಕ್ಷಣದ ಪೆಟ್ಟು ಬೀಳುತ್ತದೆ. ಸೀಸದ ಘರ್ಷಣೆಯಲ್ಲಿ ಬೇರಿಯಾನ್ ಹೆಚ್ಚಿದರೆ ಅದು ಪ್ಲಾಸ್ಮಾದ ಗುರುತು ಎನ್ನಲು, ಪ್ಲಾಸ್ಮಾ ಇಲ್ಲದ ಪ್ರೋಟಾನ್ ಘರ್ಷಣೆಯನ್ನು ಹೋಲಿಕೆಯ ತಳಹದಿಯಾಗಿ ಇಟ್ಟುಕೊಳ್ಳಲಾಗುತ್ತಿತ್ತು. ಆ ತಳಹದಿಯಲ್ಲೇ ಬೇರಿಯಾನ್ ಹೆಚ್ಚಿದ್ದರೆ ಹೋಲಿಕೆಯ ಅರ್ಥವನ್ನು ಮತ್ತೆ ಕಟ್ಟಬೇಕಾಗುತ್ತದೆ.

ವಾತಾವರಣಕ್ಕೆ ಅಪ್ಪಳಿಸುವ ವಿಶ್ವಕಿರಣಗಳ ವಿಷಯವೂ ಇದಕ್ಕೆ ತಳುಕು ಹಾಕಿಕೊಂಡಿದೆ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ ನೆಲದಲ್ಲಿ ಎಣಿಸುವ ಮ್ಯುಆನ್‌ಗಳು (ಎಲೆಕ್ಟ್ರಾನಿನ ಭಾರದ ಬಂಧುಗಳು) ಮಾದರಿಗಳು ಹೇಳುವುದಕ್ಕಿಂತ ಹೆಚ್ಚು. ಕಣಗಳ ಆ ಸುರಿಮಳೆಯಲ್ಲಿ ಆವೇಶರಹಿತ ಪಯಾನ್ ಹುಟ್ಟಿದರೆ ಅದು ಕೂಡಲೇ ಎರಡು ಫೋಟಾನ್‌ಗಳಾಗಿ, ತನ್ನ ಪಾಲಿನ ಶಕ್ತಿಯನ್ನು ಮ್ಯುಆನ್ ಹುಟ್ಟಿಸುವ ಸರಣಿಯಿಂದ ಹೊರಗೆ ಒಯ್ಯುತ್ತದೆ. ಅದರ ಜಾಗದಲ್ಲಿ ಬೇರಿಯಾನ್ ಹುಟ್ಟಿದರೆ ಶಕ್ತಿ ಸರಣಿಯೊಳಗೇ ಉಳಿದು ಮತ್ತಷ್ಟು ಘರ್ಷಣೆಗಳಾಗಿ, ಕೊನೆಗೆ ಮ್ಯುಆನ್‌ಗಳು ಹೆಚ್ಚುತ್ತವೆ. ಬೇರಿಯಾನ್ ಪಾಲನ್ನು ತಿದ್ದಿದರೆ ಮಾದರಿಗಳ ಮ್ಯುಆನ್ ಕೊರತೆ ಪೂರ್ತಿ ತುಂಬುತ್ತದೆ ಎಂದಲ್ಲ. ತಿದ್ದದೆ ತುಂಬುವುದೂ ಕಷ್ಟ. ಹಾಗೆಯೇ, ಅಂಟಾರ್ಕ್ಟಿಕಾದ ಐಸ್‌ಕ್ಯೂಬ್ ಶೋಧಕ ದೂರದ ಆಕಾಶದಿಂದ ಬರುವ ನ್ಯೂಟ್ರಿನೊ ಎಂಬ ಕಣಗಳನ್ನು ಗುರುತಿಸಬೇಕಾದರೆ ನಮ್ಮ ವಾತಾವರಣದಲ್ಲಿ ಚಾರ್ಮ್ ಕ್ಷಯದಿಂದ ಹುಟ್ಟುವ ನ್ಯೂಟ್ರಿನೊಗಳನ್ನು ಕಳೆಯಬೇಕು, ಮತ್ತು ಆ ಚಾರ್ಮ್ ಯಾವ ಹ್ಯಾಡ್ರಾನ್ ಆಗಿತ್ತು ಎಂಬುದರ ಮೇಲೆ ಕಳೆಯಬೇಕಾದ ಮೊತ್ತ ನಿಲ್ಲುತ್ತದೆ.

ಮುಂದಿನ ತೀರ್ಪು ಎರಡು ಕಡೆಯಿಂದ ಬರಬಹುದು. ಬ್ರೂಕ್‌ಹೇವನ್‌ನಲ್ಲಿ ಆರ್‌ಎಚ್‌ಐಸಿ ಜಾಗದಲ್ಲೇ ಯೋಜಿಸಿರುವ ಎಲೆಕ್ಟ್ರಾನ್–ಅಯಾನ್ ಯಂತ್ರ ಪ್ರೋಟಾನಿಗೆ ಎಲೆಕ್ಟ್ರಾನ್ ಹೊಡೆದು ಬೇರಿಯಾನ್ ಸಂಖ್ಯೆ ಯಾವ ದಿಕ್ಕಿಗೆ ಸಾಗುತ್ತದೆ ಎಂದು ನೇರವಾಗಿ ನೋಡಬಲ್ಲದು. ಸರ್ನ್‌ನಲ್ಲಿ ಆಲಿಸ್ ಪ್ರಯೋಗದ ಮುಂದಿನ ರೂಪವಾಗಿ 2030ರ ದಶಕಕ್ಕೆ ಪ್ರಸ್ತಾಪಿಸಿರುವ ‘ಆಲಿಸ್ 3’, ಎರಡು ಮತ್ತು ಮೂರು ಚಾರ್ಮ್ ಕ್ವಾರ್ಕ್‌ಗಳಿರುವ ಬೇರಿಯಾನ್‌ಗಳನ್ನು ಸೀಸದ ಘರ್ಷಣೆಯಲ್ಲಿ ಹುಡುಕಲಿದೆ. ಎರಡು ಚಾರ್ಮ್‌ಗಳಿರುವ ಬೇರಿಯಾನ್ ಎಲ್‌ಎಚ್‌ಸಿಬಿಗೆ 2017ರಲ್ಲಿ ಸಿಕ್ಕಿದೆ, ಮೂರಿರುವುದು ಇದುವರೆಗೆ ಕಂಡಿಲ್ಲ. ಚಾರ್ಮ್ ಆಮೇಲೆ ತಂತುವಿನಿಂದ ಹುಟ್ಟಲಾರದ್ದರಿಂದ, ಮೂರು ಬೇರೆ ಬೇರೆ ತಾಗುವಿಕೆಗಳಲ್ಲಿ ಹುಟ್ಟಿದ ಮೂರು ಚಾರ್ಮ್‌ಗಳು ಒಂದೆಡೆ ಸೇರಿದಾಗಷ್ಟೇ ಅಂತಹ ಬೇರಿಯಾನ್ ಸುಲಭವಾಗಿ ಆಗಬಲ್ಲದು. ಅದು ಪ್ರೋಟಾನ್ ಘರ್ಷಣೆಗಿಂತ ಸೀಸದ ಘರ್ಷಣೆಯಲ್ಲಿ ಎಷ್ಟು ಪಟ್ಟು ಹೆಚ್ಚು ಸಿಗುತ್ತದೆ ಎಂಬುದರ ಬಗ್ಗೆ ಕೂಡಿಕೆಯ ಪಂಥ ಮತ್ತು ತಂತುವಿನ ಪಂಥ ಕೊಡುವ ಉತ್ತರಗಳು ಬಹಳ ದೂರದೂರ ಇವೆ.